ಅವ್ವನ ದಣಿವು

ಜೈನಾಪುರದ ನಮ್ಮ ಓಣಿಯಲ್ಲಿ ಅವ್ವನಿಗೆ ಮೈಗಳ್ಳಿ ಎಂಬ ಹೆಸರಿತ್ತು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಎದುರಿಗೆ ಬಾಯಿತುಂಬ ವೈನಿ, ಯಕ್ಕಾ ಎಂದೇ ಮಾತಾಡಿಸುವರು. ಅವಳು ಕೊಡ ತುಂಬಿಕೊಂಡು ಅತ್ತ ತಿರುಗಿದ ಮೇಲೆ ಆ ಮಾತು ಬರುತ್ತಿತ್ತು. ಹೆಸರಿಟ್ಟವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಆಕೆ ಈಗಲೂ ಗಟ್ಟಿಮುಟ್ಟಾಗಿದ್ದಾಳೆ. ಮೊನ್ನೆ ಒಂದು ಮದುವೆಯಲ್ಲಿ ನನ್ನ ಗಲ್ಲ ಸವರಿ ಹೋಳಿಗೆ ತಿನ್ನಿಸಿದಳು. ನಾನು ತಿಂದೆ. ಸಿಟ್ಟನ್ನು ಹೋಳಿಗೆಯ ಮೇಲೆ ತೋರಿಸಬಾರದು ಎನ್ನುವಷ್ಟು ಬುದ್ಧಿ ಈ ವಯಸ್ಸಿಗೆ ಬಂದಿದೆ.

ಅವ್ವ ಅರಕೇರಿಯವಳು. ಮದುವೆಯಾಗಿ ಬಬಲೇಶ್ವರದ ಕಡೆಯ ಈ ಊರಿಗೆ ಬಂದ ಹೊಸದರಲ್ಲಿ ಎಲ್ಲರ ಹಾಗೆಯೇ ದುಡಿಯುತ್ತಿದ್ದಳಂತೆ. ಅಣ್ಣ ಹುಟ್ಟಿದ, ನಾನು ಹುಟ್ಟಿದೆ, ಕೊನೆಗೆ ತಂಗಿ. ಒಂದೊಂದು ಬಾಣಂತನ ಮುಗಿದಾಗಲೂ ಅವಳು ತವರಿನಿಂದ ಸ್ವಲ್ಪ ಕಡಿಮೆಯಾಗಿ ಬರುತ್ತಿದ್ದಳು ಎಂದು ಅರಕೇರಿಯ ಚಿಕ್ಕಮ್ಮ ಒಮ್ಮೆ ನನ್ನೆದುರು ಹೇಳಿದ್ದಳು. ತಂಗಿ ಹುಟ್ಟಿದ ಮೇಲಿನ ಅವ್ವನೇ ನನಗೆ ಗೊತ್ತಿರುವ ಅವ್ವ. ಹೊಲದಲ್ಲಿ ಕಸ ತೆಗೆಯುವಾಗ ಸಾಲಿನಿಂದ ಹಿಂದೆ ಬೀಳುವವಳು, ಮಾಳಿಗೆಯ ಮೆಟ್ಟಿಲನ್ನು ನಡುವೆ ಕೂತು ಹತ್ತುವವಳು, ಬಟ್ಟೆ ಹಿಂಡುತ್ತ ಹಿಂಡುತ್ತ ಕೈಬಿಟ್ಟು ಸುಮ್ಮನೆ ನೀರು ನೋಡುವವಳು.

ನಮ್ಮ ಕಡೆ ಹೆಂಗಸಿನ ಕಸುವನ್ನು ಕಿವಿಯಿಂದಲೇ ಅಳೆಯುತ್ತಾರೆ. ಬೆಳಿಗ್ಗೆ ಓಣಿಯಲ್ಲಿ ಹಾದುಹೋದರೆ ಸಾಕು, ಮನೆಮನೆಯಿಂದ ಜೋಳದ ರೊಟ್ಟಿ ಬಡಿಯುವ ಸಪ್ಪಳ. ಯಾರ ಸೊಸೆ ಎದ್ದಿದ್ದಾಳೆ, ಯಾರ ಕೈ ಜೋರು, ಯಾರ ಮನೆಯಲ್ಲಿ ಬೀಗರು ಬಂದಿದ್ದಾರೆ ಎಂಬುದೆಲ್ಲ ಗೋಡೆಯಾಚೆ ಕೂತವರಿಗೆ ತಿಳಿಯುತ್ತದೆ. ಅವ್ವನ ಸಪ್ಪಳ ಚೆನ್ನಾಗಿಯೇ ಶುರುವಾಗುತ್ತಿತ್ತು. ಎರಡು ರೊಟ್ಟಿ, ಮೂರು ರೊಟ್ಟಿ, ಆಮೇಲೆ ನಿಂತುಬಿಡುತ್ತಿತ್ತು. ಹಂಚಿನ ಮೇಲಿನ ರೊಟ್ಟಿಗೆ ನೀರಿನ ಅರಿವೆ ಸವರುವ ನೆಪದಲ್ಲಿ ಅವಳು ಉಸಿರು ಎಳೆದುಕೊಳ್ಳುವಳು. ಅಜ್ಜಿ ಪಡಸಾಲೆಯಿಂದ ಕೆಮ್ಮುವಳು. ಆ ಕೆಮ್ಮಿಗೆ ಅರ್ಥವೇನೆಂದು ನಮಗೆ ಮಕ್ಕಳಿಗೂ ಗೊತ್ತಿತ್ತು.

ಮದುವೆ ಗೊತ್ತಾದರೆ ಓಣಿಯ ಹೆಂಗಸರನ್ನು ರೊಟ್ಟಿ ಬಡಿಯಲು ಕರೆಯುವುದು ನಮ್ಮಲ್ಲಿನ ಪದ್ಧತಿ. ಅಂಗಳದಲ್ಲಿ ಸಾಲಾಗಿ ಒಲೆ ಹೂಡುತ್ತಾರೆ. ಒಬ್ಬೊಬ್ಬರ ಮುಂದೆ ಹಿಟ್ಟು ನಾದುವ ಅಗಲ ಪರಾತ. ಹಾಡು, ನಗೆ, ಚೇಷ್ಟೆ ಎಲ್ಲ ನಡೆಯುತ್ತದೆ. ಗರಿಗರಿಯಾದ ಕಟಕಟಿ ರೊಟ್ಟಿಯ ರಾಶಿ ಒಬ್ಬೊಬ್ಬರ ಪಕ್ಕದಲ್ಲಿ ಏಳುತ್ತಿರುತ್ತದೆ. ಕರೆ ಬರುವುದೇ ಒಂದು ಮರ್ಯಾದೆ. ಸೋದರತ್ತೆಯ ಮಗಳ ಮದುವೆಗೆ ಅವ್ವ ಎಲ್ಲರಿಗಿಂತ ಮೊದಲು ಹೋಗಿ ಕೂತಳು. ನಾನು ಅವಳ ಬೆನ್ನಿಗೆ ಒರಗಿ ಕೂತಿದ್ದೆ, ಆದ್ದರಿಂದ ಅವಳ ಬೆನ್ನು ನಡುಗಿದ್ದು ನನಗೆ ತಿಳಿಯಿತು. ಸ್ವಲ್ಪ ಹೊತ್ತಿಗೆ ಅವಳ ಕೈ ಹಿಟ್ಟಿನ ಮೇಲೇ ನಿಂತಿತು. ರೆಪ್ಪೆ ಅರ್ಧ ಮುಚ್ಚಿತು. ನಿದ್ದೆ ಮಾಡುತ್ತಿದ್ದಾಳೆಂದು ಯಾರೋ ನಕ್ಕರು. ಸೋದರತ್ತೆ ಬಂದು ಅವಳ ಮುಂದಿನ ಪರಾತವನ್ನು ಎತ್ತಿ ಪಕ್ಕದವಳ ಮುಂದೆ ಇಟ್ಟಳು. ಅವ್ವ ಬರಿಗೈಯಲ್ಲಿ ಅಲ್ಲೇ ಕೂತಿದ್ದಳು. ಎದ್ದು ಬಂದರೆ ಇನ್ನೊಂದು ಮಾತಾಗುತ್ತದಲ್ಲ.

ಆಮೇಲೆ ಆ ಓಣಿಯಲ್ಲಿ ಎಷ್ಟೋ ಮದುವೆಗಳಾದವು. ಅವ್ವನಿಗೆ ಊಟದ ಕರೆ ಬರುತ್ತಿತ್ತು, ರೊಟ್ಟಿಯ ಕರೆ ಬರಲಿಲ್ಲ. ಉಳಿದ ಹೆಂಗಸರು ಸೆರಗು ಕಟ್ಟಿಕೊಂಡು ನಮ್ಮ ಬಾಗಿಲ ಮುಂದೆಯೇ ಹೋಗುವಾಗ ಅವಳು ಒಳಗೆ ದೇವರ ಕೋಣೆಯಲ್ಲಿ ಏನೋ ಹುಡುಕುತ್ತಿರುವಳು. ಅವಳು ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅವಳೇ ಆ ಹೆಸರನ್ನು ಒಪ್ಪಿಕೊಂಡುಬಿಟ್ಟಳು. ನಾವು ಏನಾದರೂ ಕೆಲಸ ಹಚ್ಚಿಕೊಂಡು ಅರ್ಧಕ್ಕೆ ಬಿಟ್ಟರೆ, ನನ್ನಂಗ ಆಗಬ್ಯಾಡ್ರಿ ಎನ್ನುತ್ತಿದ್ದಳು.

ಅವಳ ಮೇಲೆ ಇನ್ನೂ ಎರಡು ದೂರುಗಳಿದ್ದವು. ಒಂದು, ಯಾವಾಗಲೂ ನಿದ್ದೆಗಣ್ಣು. ಇನ್ನೊಂದು, ಸೊಕ್ಕು, ಹಿಂದಿನಿಂದ ಕರೆದರೆ ಓ ಎನ್ನುವುದಿಲ್ಲ. ಓ ಎನ್ನದಿದ್ದದ್ದು ಕೇಳಿಸುತ್ತಿರಲಿಲ್ಲ ಎಂಬ ಕಾರಣಕ್ಕೆ ಎಂದು ಮನೆಯವರಿಗೆ ತಿಳಿಯುವ ಹೊತ್ತಿಗೆ ಅವಳು ಅರ್ಧ ಕಿವುಡಿಯಾಗಿದ್ದಳು. ಆಮೇಲೆ ಸಕ್ಕರೆ ಕಾಯಿಲೆ ಬಂತು. ಅಪ್ಪ ತೀರಿಕೊಂಡ ಮೇಲೆ ಅಣ್ಣನ ಹತ್ತಿರ ಊರಲ್ಲೇ ಇರುತ್ತೇನೆ ಎಂದವಳನ್ನು ನಾನು ವಾದಿಸಿ ವಿಜಯಪುರಕ್ಕೆ ಕರೆತಂದೆ. ಜಲನಗರದಲ್ಲಿ ನಮ್ಮ ಮನೆಯ ಹತ್ತಿರವೇ ದವಾಖಾನೆ ಇದೆ, ಮೆಟ್ಟಿಲು ಹತ್ತುವ ಕೆಲಸವಿಲ್ಲ. ಅವಳು ಬಂದಳು. ಬಂದ ದಿನವೇ ನನ್ನ ಗಂಡನ ಎದುರು, ನನ್ನ ಕೈಲೆ ಏನೂ ಆಗಂಗಿಲ್ಲ ನೋಡ್ರಿ ಎಂದು ಮೊದಲೇ ಹೇಳಿಬಿಟ್ಟಳು.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಒಂದು ಪಾಠ ನನಗೆ ತುಂಬ ಇಷ್ಟದ್ದು. ಪ್ರಾಣಿ ಯಾವುದೇ ಇರಲಿ, ತಿಂದದ್ದನ್ನು ಶಕ್ತಿಯಾಗಿ ಮಾಡಿಕೊಡುವ ಪುಟ್ಟ ಒಲೆಗಳು ಅದರ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಇವೆ. ಮೈಟೊಕಾಂಡ್ರಿಯ ಎನ್ನುತ್ತೇವೆ. ಆ ಒಲೆಗಳು ಕೊಟ್ಟಷ್ಟರಲ್ಲೇ ಪ್ರಾಣಿ ಬೆಳೆಯಬೇಕು, ಮರಿ ಹಾಕಬೇಕು, ಸವೆದ ಮೈಯನ್ನು ದುರಸ್ತಿ ಮಾಡಿಕೊಳ್ಳಬೇಕು. ಒಂದಕ್ಕೆ ಹೆಚ್ಚು ಕೊಟ್ಟರೆ ಇನ್ನೊಂದಕ್ಕೆ ಕಡಿಮೆ. ಇಲಿಯನ್ನು ಬೆಕ್ಕು ಹಿಡಿಯುತ್ತದೋ ಗೂಗೆ ಹಿಡಿಯುತ್ತದೋ ಹೇಳಲಾಗದು. ಮುದಿಯಾಗುವ ಯೋಗವೇ ಇಲ್ಲದ ಮೈಯನ್ನು ಜತನ ಮಾಡಿ ಏನು ಬಂತು? ಹಾಗಾಗಿ ಬೇಗ ಬೆಳೆದು ಬೇಗ ಈದ ಇಲಿಗಳ ಸಂತಾನವೇ ಉಳಿಯಿತು, ದುರಸ್ತಿಯನ್ನು ಅಷ್ಟಕ್ಕಷ್ಟೇ ಮಾಡಿಕೊಂಡು ಬೇಗ ಸಾಯುವುದೂ ಅದರ ಜೊತೆಗೇ ಬಂತು. ಊರಿನ ಹಳೆಯ ಗುಮ್ಮಟಗಳಲ್ಲಿ ಜೋತುಬಿದ್ದಿರುವ ಬಾವಲಿ ಇಲಿಯಷ್ಟೇ ಇದ್ದರೂ ಹಾರಿ ತಪ್ಪಿಸಿಕೊಳ್ಳುತ್ತದೆ. ಒಂದೊಂದೇ ಮರಿ ಹಾಕಿ ಎಷ್ಟೋ ಪಟ್ಟು ಹೆಚ್ಚು ಕಾಲ ಬದುಕುತ್ತದೆ. ಎದೆ ಜೋರಾಗಿ ಬಡಿದುಕೊಂಡರೆ ಆಯುಷ್ಯ ಬೇಗ ತೀರುತ್ತದೆ ಎಂದು ಹಿಂದೆ ತಿಳಿದಿದ್ದರು. ತರಗತಿಯ ಕಿಟಕಿಯಲ್ಲಿ ಕೂರುವ ಪಾರಿವಾಳವನ್ನು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಅದೂ ಜೋರಾಗಿಯೇ ಉರಿಸುತ್ತದೆ, ಆದರೂ ಇಲಿಗಿಂತ ಬಹಳ ಕಾಲ ಬದುಕುತ್ತದೆ, ಏಕೆಂದರೆ ಅದರ ಒಲೆಗಳಲ್ಲಿ ಹೊಗೆ ಕಡಿಮೆ. ಆದ್ದರಿಂದ ಮನೆ ಬೇಗ ಮಸಿ ಹಿಡಿಯುವುದಿಲ್ಲ.

ಇಷ್ಟು ಹೇಳಿ ಕೊನೆಗೆ, ಈ ಒಲೆಗಳು ತಾಯಿಯಿಂದ ಮಾತ್ರ ಬರುತ್ತವೆ ಎನ್ನುತ್ತೇನೆ. ತಂದೆಯ ಒಲೆಗಳು ಅಂಡದೊಳಗೆ ಉಳಿಯುವುದಿಲ್ಲ. ಮಗನಿಗೂ ತಾಯಿಯವೇ, ಮಗಳಿಗೂ ತಾಯಿಯವೇ. ಮಗನಲ್ಲಿ ಆ ಸಾಲು ನಿಲ್ಲುತ್ತದೆ, ಮಗಳ ಮೂಲಕ ಮುಂದೆ ಹೋಗುತ್ತದೆ. ಇಲ್ಲಿಗೆ ಬಂದಾಗ ಪ್ರತಿ ವರ್ಷವೂ ಹುಡುಗಿಯರು ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ, ಹುಡುಗರು ಮುಖ ಸಣ್ಣ ಮಾಡುತ್ತಾರೆ. ನಾನೂ ನಗುತ್ತಿದ್ದೆ.

ತಂಗಿಯನ್ನು ತಿಕೋಟಾಕ್ಕೆ ಕೊಟ್ಟಿದ್ದೇವೆ. ದ್ರಾಕ್ಷಿ ತೋಟದವರು. ದ್ರಾಕ್ಷಿ ಒಣಗಿಸಿ ಮಣೂಕ ಮಾಡುವ ಸ್ವಂತ ಶೆಡ್ಡು ಇದೆ, ಗಂಡ ಒಳ್ಳೆಯವನು, ಅತ್ತೆಯೂ ಕೆಟ್ಟವಳಲ್ಲ. ಒಬ್ಬಳೇ ಮಗಳು, ಈಗಷ್ಟೇ ಸಾಲೆಗೆ ಹೋಗುತ್ತಿದ್ದಾಳೆ. ಆ ಕೂಸು ಹುಟ್ಟಿದ ಮೇಲೆ ತಂಗಿ ದಣಿಯತೊಡಗಿದಳು. ಮಣೂಕ ಆರಿಸುವ ಹಂಗಾಮಿನಲ್ಲಿ ಆಳುಗಳ ಜೊತೆ ಮನೆಯ ಹೆಂಗಸರೂ ಕೂರಬೇಕು. ಇವಳು ಜರಡಿ ಎತ್ತಿ ಇಳಿಸುವಷ್ಟರಲ್ಲಿ ಒರಗಲು ಗೋಡೆ ಹುಡುಕುವಳು. ಮೂವತ್ತೈದು ತುಂಬುವ ಮೊದಲೇ ಸಕ್ಕರೆ ಬಂತು. ಫೋನಿನಲ್ಲಿ ನಾನು ಹೇಳಿದ್ದನ್ನು ಎರಡೆರಡು ಸಲ ಕೇಳುವಳು. ಮನೆಯಲ್ಲಿ ಇನ್ನೊಂದು ಮಗುವಿನ ಮಾತು ನಡೆದಿತ್ತು, ಇವಳು ಮುಂದೂಡುತ್ತಿದ್ದಳು. ಒಂದು ದಿನ ನಾನು ಅಲ್ಲಿದ್ದಾಗಲೇ ಅವಳ ಅತ್ತೆ ಪಕ್ಕದ ಮನೆಯವಳಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ಜೈನಾಪುರದ ಬೀಗತಿನೂ ಹಿಂಗ ಇದ್ದಳಂತ. ತಾಯಿ ಗುಣ ಮಗಳಿಗೆ ಬಂದೈತಿ."

ನನಗೆ ಬಂದ ಸಿಟ್ಟನ್ನು ಬರೆದರೆ ಕಾಗದ ಸುಟ್ಟೀತು. ಆ ಹೆಸರು ಊರು ದಾಟಿ, ತಾಲೂಕು ದಾಟಿ, ಇಷ್ಟು ವರ್ಷದ ಮೇಲೆ ನನ್ನ ತಂಗಿಯನ್ನು ಹುಡುಕಿಕೊಂಡು ಬಂದಿತ್ತು. ಇವಳ ಮುಂದಿನ ಪರಾತವನ್ನು ಯಾರೂ ಎತ್ತಬಾರದು ಎಂದು ಹಟ ಹಿಡಿದೆ. ಅವಳ ಗಂಡನನ್ನು ಒಪ್ಪಿಸಿ, ತಂಗಿಯನ್ನು ದೂರದ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ಕೊಟ್ಟು ಬಂದೆವು. ಕೆಲವು ವಾರಗಳ ನಂತರ ಮತ್ತೆ ಕರೆದರು.

ಎರಡನೆಯ ಸಲ ಹೋದಾಗ ತಂಗಿ ಮೆಟ್ಟಿಲು ಹತ್ತಿ ಸುಸ್ತಾಗಿ ಹೊರಗಿನ ಬೆಂಚಿನ ಮೇಲೆ ಮಲಗಿದ್ದಳು. ಅವಳ ಗಂಡ ಪಕ್ಕದಲ್ಲಿ ಕೂತ. ನಾನು ಒಳಗೆ ಹೋದೆ. ಡಾಕ್ಟರು ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಸಮಾಧಾನದ ಹೆಣ್ಣು. ಏನು ಕಲಿಸುತ್ತೀರಿ ಎಂದು ಕೇಳಿದಳು. ಹೇಳಿದೆ. ಹಾಗಾದರೆ ನಿಮಗೆ ವಿವರಿಸುವುದು ಸುಲಭ ಎಂದು ಒಂದು ಕಾಗದ ಮುಂದೆ ಸರಿಸಿದಳು. ನಿಮ್ಮ ತಾಯಿಗೆ ಕಿವಿ ಮಂದವೇ, ಸಕ್ಕರೆ ಇದೆಯೇ, ರೆಪ್ಪೆ ಜೋಲುತ್ತದೆಯೇ, ಮೊದಲಿನಿಂದಲೂ ಬೇಗ ದಣಿಯುತ್ತಿದ್ದರೇ ಎಂದು ಒಂದಾದ ಮೇಲೊಂದು ಕೇಳುತ್ತ ಹೋದಳು. ಅವ್ವನನ್ನು ಕಣ್ಣಿಂದ ಕಾಣದ ಹೆಣ್ಣುಮಗಳು ಅವ್ವನ ಇಡೀ ಬಾಳನ್ನು ನನ್ನೆದುರು ಓದುತ್ತಿದ್ದಳು. ನಾನು ಹೌದು, ಹೌದು ಎನ್ನುತ್ತ ಹೋದೆ.

ಒಲೆಯಲ್ಲೇ ದೋಷ. ಬೇರೇನೂ ಅಲ್ಲ. ಜೀವಕೋಶದ ಕೆಲವು ಒಲೆಗಳು ಸರಿಯಾಗಿ ಉರಿಯುವುದಿಲ್ಲ. ಚಿಕ್ಕಂದಿನಲ್ಲಿ ಗೊತ್ತಾಗುವುದಿಲ್ಲ, ವಯಸ್ಸು ಏರಿದಂತೆ, ಬಸಿರು ಬಾಣಂತನದ ಭಾರ ಬಿದ್ದಂತೆ ಹೊರಗೆ ಬರುತ್ತದೆ. ತಂಗಿಗೆ ಕೊಡುತ್ತಿದ್ದ ಸಕ್ಕರೆಯ ಮಾತ್ರೆ ಅವಳಿಗೆ ತಕ್ಕದ್ದಲ್ಲ, ಬದಲಾಯಿಸಬೇಕು. ಉಪವಾಸ ಮಾಡಬಾರದು. ಇನ್ನೊಂದು ಮಗುವಿನ ವಿಚಾರ ಮಾಡುವ ಮೊದಲು ತಮ್ಮ ಹತ್ತಿರ ಬರಬೇಕು. ಮತ್ತು, ಎಂದು ಡಾಕ್ಟರು ಸ್ವಲ್ಪ ತಡೆದಳು, ಅವರ ಮಗಳ ವಿಷಯವನ್ನೂ ನಿಮ್ಮ ತಂಗಿಗೆ ತಿಳಿಸಬೇಕಲ್ಲ. ಈಗಲೇ ಗಾಬರಿ ಬೇಡ, ಎಲ್ಲ ಮಕ್ಕಳಿಗೂ ಒಂದೇ ಪ್ರಮಾಣದಲ್ಲಿ ಹೋಗುವುದಿಲ್ಲ, ಆದರೆ ಜ್ವರ ಬಂದಾಗ, ಔಷಧ ಕೊಡುವಾಗ ಗಮನ ಬೇಕು. ನಾನೇ ಮನೆಯಲ್ಲಿ ಕೂತು ಹೇಳುತ್ತೇನೆ ಎಂದೆ. ಡಾಕ್ಟರು ತಂಗಿಯನ್ನು ಒಳಗೆ ಕರೆದು ಕಾಯಿಲೆಯ ಹೆಸರು ಹೇಳಿ, ಹೊಸ ಮಾತ್ರೆ ಬರೆದುಕೊಟ್ಟು ಕಳಿಸಿದಳು.

ವಾಪಸು ಬರುವಾಗ ಗಾಡಿಯಲ್ಲಿ ತಂಗಿ ನನ್ನ ಹೆಗಲ ಮೇಲೆ ಮಲಗಿದ್ದಳು. ನಾನು ಎಷ್ಟೋ ವರ್ಷ ಬಾಯಿಪಾಠವಾಗುವಷ್ಟು ಕಲಿಸಿದ ಪಾಠ ನಮ್ಮ ಅಡಿಗೆಮನೆಯಲ್ಲೇ ಕೂತು ಉಸಿರು ಎಳೆದುಕೊಳ್ಳುತ್ತಿತ್ತು. ಇಂಥ ದೋಷ ತಲೆಮಾರಿನಿಂದ ತಲೆಮಾರಿಗೆ ಹೇಗೆ ಉಳಿಯಿತು ಎಂದು ವಿದ್ಯಾರ್ಥಿಗಳು ಕೇಳಿದರೆ ನನ್ನ ಹತ್ತಿರ ಉತ್ತರವಿದೆ. ಬೇಗ ಕೊಲ್ಲುವ ದೋಷ ತನ್ನಷ್ಟಕ್ಕೆ ತಾನೇ ಅಳಿಯುತ್ತದೆ. ಮಕ್ಕಳಾಗುವವರೆಗೆ ಸುಮ್ಮನಿದ್ದು ಆಮೇಲೆ ಕಾಡುವ ದೋಷವನ್ನು ಜರಡಿ ಹಿಡಿಯುವವರಿಲ್ಲ. ವಿಕಾಸಕ್ಕೆ ಮರಿ ಹುಟ್ಟಿದರೆ ಸಾಕು. ಆಮೇಲೆ ತಾಯಿ ಕೂತಳೋ ನಿಂತಳೋ ಅದಕ್ಕೆ ಬೇಕಿಲ್ಲ. ಸೋದರತ್ತೆಗಿಂತ ಅದು ಕಠಿಣ.

ಆದರೂ ಆ ದಿನ ನನಗೆ ಒಳಗೊಳಗೇ ಒಂದು ಹಿಗ್ಗು ಇತ್ತು ಎಂದು ಹೇಳಿದರೆ ಯಾರೂ ತಪ್ಪು ತಿಳಿಯಬಾರದು. ಅವ್ವ ಮೈಗಳ್ಳಿಯಾಗಿರಲಿಲ್ಲ. ಉರಿಯದ ಒಲೆಯಲ್ಲಿ ಅವಳು ಮೂರು ಮಕ್ಕಳಿಗೆ ಬೇಯಿಸಿ ಬಡಿಸಿದ್ದಳು, ಉಳಿದವರು ಧಗಧಗ ಒಲೆಯಲ್ಲಿ ಮಾಡಿದ್ದನ್ನು ಅವಳು ಬೂದಿ ಮುಚ್ಚಿದ ಕೆಂಡದಲ್ಲಿ ಮಾಡಿದ್ದಳು. ಇದನ್ನು ಮೊದಲು ಅವಳಿಗೆ ಹೇಳಬೇಕು. ಆಮೇಲೆ ತಿಕೋಟಾದಲ್ಲಿ, ಆಮೇಲೆ ಜೈನಾಪುರದಲ್ಲಿ ಸೋದರತ್ತೆಯ ಕಟ್ಟೆಯ ಮೇಲೇ ಕೂತು ಹೇಳಬೇಕು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ.

ಮರುದಿನ ಮಧ್ಯಾಹ್ನ ಅವ್ವ ಹೊರಬಾಗಿಲ ಹತ್ತಿರ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಒಂದು ಎಸಳು ಬಿಡಿಸಿ, ತಡೆದು, ಇನ್ನೊಂದು. ನಾನು ಬಾಗಿಲು, ಕಿಟಕಿ ಮುಚ್ಚಿದೆ. ಅವಳ ಕಿವಿಗೆ ಬೀಳಬೇಕಾದರೆ ಗುಟ್ಟನ್ನೂ ಕೂಗಿಯೇ ಹೇಳಬೇಕು. ಎದುರಿಗೆ ಕೂತು, ನಮ್ಮ ಭಾಷೆಯಲ್ಲೇ, ಒಲೆಯ ಲೆಕ್ಕದಲ್ಲೇ ಎಲ್ಲ ಹೇಳಿದೆ. ನಿನಗೆ ಕಾಯಿಲೆ ಇತ್ತು ಅವ್ವ, ಅದು ಯಾರಿಗೂ ತಿಳಿಯಲಿಲ್ಲ. ನಿನ್ನ ದಣಿವು ಖರೆ, ರೆಪ್ಪೆ, ಕಿವಿ, ಸಕ್ಕರೆ ಎಲ್ಲ ಅದರದ್ದೇ. ಅಂದವರೆಲ್ಲ ಸುಳ್ಳು ಅಂದರು ಎಂದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನನ್ನ ತುಟಿಯನ್ನೇ ನೋಡುತ್ತಿದ್ದಳು. ಮುಖದಲ್ಲಿ ಏನೋ ಸಡಿಲವಾಯಿತು. ಒಂದು ಗಳಿಗೆ, ಬರಿ ಒಂದೇ ಗಳಿಗೆ, ಅವಳು ಹಗುರಾದಳು. ಅದನ್ನು ನಾನು ಕಂಡಿದ್ದೇನೆ.

ಆಮೇಲೆ ಅವಳು ತಂಗಿಯ ಬಗ್ಗೆ ಕೇಳಿದಳು. "ಸಣ್ಣಾಕಿಗಿ ಎಲ್ಲಿಂದ ಬಂತು?"

ದಾರಿಯುದ್ದಕ್ಕೂ ಜೋಡಿಸಿದ ಮಾತಿನಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ. ನನ್ನ ಮೌನ ಮಾತ್ರ ಅವಳಿಗೆ ಚೆನ್ನಾಗಿ ಕೇಳಿಸಿತು. ಮಡಿಲಿನ ಸೊಪ್ಪನ್ನು ಕೆಳಗಿಟ್ಟಳು. ಬಹಳ ಹೊತ್ತು ಅಂಗೈ ನೋಡಿಕೊಂಡಳು.

"ಹಂಗಾರ ನಾ ಮೈಗಳ್ಳಿನ ಆಗಿದ್ರ ಛಲೋ ಇತ್ತಲ್ಲ ಬೇ," ಎಂದಳು.

ನಾನು ಅವಳ ಕೈ ಹಿಡಿದುಕೊಂಡು ಅತ್ತೆ. ಇದು ನೀನು ಕೊಟ್ಟದ್ದಲ್ಲ, ನಿನಗೂ ನಿನ್ನ ತಾಯಿಯಿಂದ ಬಂದಿರಬೇಕು, ಯಾರ ಕೈಯಲ್ಲೂ ಇರಲಿಲ್ಲ ಎಂದು ಏನೇನೋ ಹೇಳಿದೆ. ಶಾಸ್ತ್ರದ ಪ್ರಕಾರ ನಾನು ಹೇಳಿದ್ದೆಲ್ಲ ಸರಿಯೇ. ಅವಳು ತಲೆಯಾಡಿಸಿದಳು, ಮಕ್ಕಳ ಮಾತಿಗೆ ದೊಡ್ಡವರು ತಲೆಯಾಡಿಸುವ ಹಾಗೆ. ನಿನಗೂ ಐತೇನು ಎಂದು ಕೇಳಿದಳು. ನನ್ನಲ್ಲಿ ಅಂಥದ್ದೇನೂ ಕಾಣಿಸಿಲ್ಲ ಎಂದೆ. ನನಗಿರುವುದು ಒಬ್ಬ ಮಗ, ಅವನಿಂದ ಅದು ಮುಂದೆ ಹೋಗುವುದಿಲ್ಲ ಎಂದೂ ಸೇರಿಸಿದೆ. ಸೇರಿಸಬಾರದಿತ್ತು. ಅವ್ವ ಓದಿದ್ದು ನಾಲ್ಕನೆಯ ತರಗತಿ, ಆದರೆ ಅವಳಿಗೆ ತಿಕೋಟಾದ ಮೊಮ್ಮಗಳು ಆ ಕ್ಷಣವೇ ಕಣ್ಣ ಮುಂದೆ ಬಂದಳು.

"ಸಣ್ಣಾಕಿಗಿ ಇದು ಹೇಳಬ್ಯಾಡ," ಎಂದಳು. "ಮೈಗಳ್ಳಿ ಅಂತಾರೇನು, ಅನ್ನಲಿ. ಅದನ್ನ ತಾಳಿಕೋಬಹುದು, ನಾ ತಾಳೇನಿ. ಇದನ್ನ ಹ್ಯಾಂಗ ತಾಳ್ತಾಳ ಆಕಿ?"

ಹೇಳದೆ ಇರಲಾಗದು, ಕೂಸಿಗೆ ಜ್ವರ ಬಂದರೆ ಔಷಧಕ್ಕೂ ನೋಡಬೇಕಾಗುತ್ತದೆ ಎಂದು ನಾನು ಮತ್ತೆ ಮತ್ತೆ ತಿಳಿಸಿ ಹೇಳಿದೆ. ಸಂಜೆ ಅವಳು ದೀಪ ಹಚ್ಚಿ ಬಂದು, ಹಾಗಾದರೆ ನಾನೇ ಹೇಳುವೆ, ನೀನು ಬಾಯಿ ತೆಗೆಯಬೇಡ ಎಂದಳು. ತನ್ನಿಂದ ಬಂತು ಎನ್ನುವಷ್ಟು ಮಾತ್ರ ಹೇಳುವುದು, ಮೊಮ್ಮಗಳ ಮಾತನ್ನು ತಡವಾಗಿ, ಸಾವಕಾಶ ಹೇಳುವುದು. ಅಷ್ಟರಮಟ್ಟಿಗೆ ತನ್ನ ಮಗಳಿಗೆ ಕೆಲವು ದಿನಗಳ ನೆಮ್ಮದಿ ಉಳಿಸಬೇಕೆಂದು ಅವಳ ಲೆಕ್ಕ.

ರವಿವಾರ ತಿಕೋಟಾಕ್ಕೆ ಹೋದೆವು. ಬೀಗತಿ, ತಂಗಿಯ ಅತ್ತೆ, ಚಹಾ ತಂದಿಟ್ಟಳು. ತಂಗಿ ಕಂಬಕ್ಕೆ ಒರಗಿ ಕೂತಿದ್ದಳು, ಅವಳ ಮಗಳು ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದಳು. ಅವ್ವ ಸುತ್ತು ಬಳಸು ಏನೂ ಮಾಡಲಿಲ್ಲ. ಕಿವುಡರಿಗಿರುವ ದೊಡ್ಡ ದನಿಯಲ್ಲಿ, ಬೀಗತಿಯ ಮುಖ ನೋಡಿ ಹೇಳಿದಳು. "ನೀವು ಅಂದಿದ್ದು ಖರೆ ಐತ್ರಿ. ನನ್ನ ಗುಣಾನ ಆಕಿಗಿ ಬಂದೈತಿ. ನನ್ನ ಮೈಯಾಗಿನ ಬ್ಯಾನಿ ಅದು, ಹೊಟ್ಟ್ಯಾಗ ಇದ್ದಾಗನ ನಾ ಕೊಟ್ಟೇನಿ. ಆಕೀದೇನೂ ತಪ್ಪಿಲ್ರಿ."

ಬೀಗತಿಯ ಕೈಯಲ್ಲಿ ಚಹಾದ ಬಶಿ ಹಾಗೇ ನಿಂತಿತು. ಅವಳಿಗೆ ನಾಚಿಕೆಯಾದದ್ದು ಮುಖದ ಮೇಲೆ ಕಾಣುತ್ತಿತ್ತು. ಸೆರಗಿನಿಂದ ಕಣ್ಣೊರೆಸಿಕೊಂಡು ಅವ್ವನ ಪಕ್ಕಕ್ಕೆ ಸರಿದು ಕೂತಳು. ನಮಗೇನು ಗೊತ್ತಿತ್ತು ಬೀಗತಿ, ಎಂದಳು. ನಾನು ಬಯಸಿದ್ದು ಇದನ್ನೇ. ಒಂದು ಮನೆಯಲ್ಲಾದರೂ ಆ ಹೆಸರು ಅಳಿಸಿಹೋಯಿತು. ಇನ್ನು ತಂಗಿಯನ್ನು ಇವರು ಗೋಳು ಹೊಯ್ದುಕೊಳ್ಳುವುದಿಲ್ಲ ಎಂದು ನಾನು ಉಸಿರು ಬಿಟ್ಟೆ.

ತಂಗಿಯ ಮನಸ್ಸು ಮಾತ್ರ ಅವ್ವನ ಆ ಮಾತಿನಲ್ಲೇ ನಿಂತಿತ್ತು. ಹೊಟ್ಟ್ಯಾಗ ಇದ್ದಾಗ, ಎಂದು ತನ್ನಷ್ಟಕ್ಕೆ ಒಮ್ಮೆ ಅಂದುಕೊಂಡಳು. ನನ್ನ ಕಡೆ ನೋಡಿದಳು. ನಾನು ಚಹಾದ ಕಪ್ಪಿನ ಕಡೆ ನೋಡಿದೆ, ಅಷ್ಟು ಸಾಕಾಯಿತು ಅವಳಿಗೆ. ಅಂಗಳದ ಕಡೆ ತಿರುಗಿ ಮಗಳನ್ನು ಕರೆದಳು. ಕೂಸು ಓಡಿಬಂತು. ತಂಗಿ ಅದರ ಬೆವರಿದ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಿನಗ ದಣಿವು ಆಗ್ತೈತೇನು ಯವ್ವಾ?"

ಹಿರಿಯರೆಲ್ಲ ಯಾಕೆ ಹೀಗೆ ತನ್ನನ್ನೇ ನೋಡುತ್ತಿದ್ದಾರೆಂದು ಕೂಸಿಗೆ ತಿಳಿಯಲಿಲ್ಲ. ಬೈಯುತ್ತಾರೋ ಏನೋ ಎಂದು ಅಜ್ಜಿಯರಿಬ್ಬರ ಮುಖ ನೋಡಿತು, ನನ್ನ ಮುಖ ನೋಡಿತು. ಆಮೇಲೆ, ಇಲ್ಲ, ನಾ ಏನೂ ಮಾಡಿಲ್ಲ, ಎಂದಿತು.